ಒರೆಸದೆ ಬಿಟ್ಟ ಕುಂಕುಮ

ಡ್ರೋನು ಜನರ ಮೇಲೆ ಬೀಳುವುದು ಆಗದ ಮಾತು ಎಂದು ನನಗೆ ಹೇಳಿದವರು ಬೇಕಾದಷ್ಟು ಮಂದಿ. ಮದುವೆ ವಿಡಿಯೋ ತೆಗೆಯುವವರು ಹೇಳಿದ್ದಾರೆ. ಇಟ್ಟಿಗೆ ಗೂಡಿನ ಮಾಲೀಕರೊಬ್ಬರು ಹೊಸದಾಗಿ ಕೊಂಡ ಡ್ರೋನನ್ನು ಮಾಲೂರು ಬಸ್‌ಸ್ಟ್ಯಾಂಡಿನ ಮೇಲೆ ಹಾರಿಸುತ್ತಲೇ ಹೇಳಿದ್ದಾರೆ. ಆದರೆ ಶಿವಾರಪಟ್ಟಣದಲ್ಲಿ, ನನ್ನ ದೊಡ್ಡಪ್ಪನ ಕೆತ್ತನೆಯ ಅಂಗಳದಲ್ಲಿ, ನಲವತ್ತು ಜನರ ಎದುರು ಆ ಮಾತು ಆಡಿದವಳು ನಾನೇ. "ಹೆದರ್ಕೋಬೇಡಿ, ನಾನು ಹಾರ್ಸುವಾಗ ಬೀಳೋ ಮಾತೇ ಇಲ್ಲ" ಎಂದೆ. ಹೇಳಿ ಆರು ನಿಮಿಷಕ್ಕೆ ಬಿತ್ತು.

ಅವತ್ತು ನಾನು ಕಲಿಸಲು ಹೋಗಿದ್ದ ಪಾಠವೇ ಜನರಿರುವ ಜಾಗದಲ್ಲಿ ಡ್ರೋನನ್ನು ಹೇಗೆ ಹಾರಿಸಬಾರದು ಎಂಬುದು.

ಮಾಲೂರಿನ ಹತ್ತಿರ ಒಂದು ಡ್ರೋನ್ ತರಬೇತಿ ಕೇಂದ್ರದಲ್ಲಿ ನಾನು ಸಹಾಯಕಿ. ಅಪ್ಪನ ಕಡೆ, ಅಮ್ಮನ ಕಡೆ ಎರಡೂ ಸೇರಿ ನಮ್ಮಲ್ಲಿ ಡಿಗ್ರಿ ಪಾಸಾದ ಮೊದಲನೆಯವಳು. ಇದನ್ನು ಜಂಬಕ್ಕೇ ಹೇಳುತ್ತಿದ್ದೇನೆ, ಮುಚ್ಚಿಡುವುದಿಲ್ಲ. ಅವತ್ತು ನಡೆದದ್ದರಲ್ಲಿ ಆ ಜಂಬದ ಪಾಲೂ ಇದೆ.

ಎರಡು ಕೆಜಿಯೊಳಗಿನ ಡ್ರೋನನ್ನು ಹವ್ಯಾಸಕ್ಕೆ ಹಾರಿಸುವವರಿಗೆ ಪೈಲಟ್ ಪ್ರಮಾಣಪತ್ರ ಬೇಕಿಲ್ಲ. ಹಾಗಾಗಿ ಡಬ್ಬಿ ಒಡೆದ ದಿನವೇ ಆಕಾಶಕ್ಕೆ ಬಿಡುವವರೇ ಹೆಚ್ಚು. ಅಂಥವರಿಗಾಗಿ ನಮ್ಮ ಕೇಂದ್ರ ಮಾಲೂರು, ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕು ಕಡೆ ಭಾನುವಾರದ ಸುರಕ್ಷತಾ ಪಾಠ ಶುರು ಮಾಡಿತು. ಪಾಠ ಹೇಳುವವರಿಗೆ ಕೇಂದ್ರದ ಬೋಧಕ ಪ್ರಮಾಣಪತ್ರ ಇರಬೇಕು. ಬೋಧಕರ ಖಾಲಿ ಜಾಗ ಇದ್ದದ್ದು ಒಂದೇ. ನಾಲ್ಕು ಪಾಠ ಮಾಡಿ, ನಾಲ್ಕರಲ್ಲೂ ಹನ್ನೆರಡು ನಿಮಿಷ ಹಾರಿಸಿ ತೋರಿಸಿದರೆ ಆ ಪತ್ರ ನನ್ನದು. ಆಮೇಲೆ ನಾನು ಸಹಾಯಕಿಯಲ್ಲ, ಬೋಧಕಿ. ಆ ಒಂದು ಪದಕ್ಕೆ ನಾನು ಎರಡು ವರ್ಷ ಬ್ಯಾಟರಿ ಚಾರ್ಜು ಮಾಡಿ, ಪೆಟ್ಟಿಗೆ ಹೊತ್ತು ಕಾದಿದ್ದೆ.

ಮೊದಲ ಪಾಠಕ್ಕೆ ಎರಡು ದಿನ ಮುಂಚೆ ಆಯುಧಪೂಜೆ. ಕೇಂದ್ರದಲ್ಲಿ ಡ್ರೋನುಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಇಟ್ಟು ಚೆಂಡುಹೂ ಹಾಕಿದೆವು. ಮನೆಯವರನ್ನು ಕರೆಯಬಹುದು ಎಂದರು, ಅಮ್ಮನನ್ನು ಕರೆದೆ. ಅಮ್ಮ ಶ್ರೀನಿವಾಸಪುರದ ಕಡೆಯವಳು, ಬಾಯಲ್ಲಿ ತೆಲುಗು ಕನ್ನಡ ಎರಡೂ ಕಲಸಿ ಬರುತ್ತವೆ. ನನ್ನ ಕೆಲಸದ ಜಾಗವನ್ನು ಅವಳು ನೋಡಿದ್ದು ಅದೇ ಮೊದಲು.

"ಇದ್ರಲ್ಲಿ ನಿಂದ್ಯಾವುದೇ?"

ತೋರಿಸಿದೆ. ಅಂಗೈ ಮೇಲೆ ಎತ್ತಿಕೊಂಡು ಮಗುವಿನ ಹಾಗೆ ಅಂಗಾತ ಮಲಗಿಸಿದಳು. ಹೊಟ್ಟೆಯಲ್ಲಿ ಎರಡು ಸಣ್ಣ ಗಾಜಿನ ಚುಕ್ಕಿ, ಮಧ್ಯೆ ಇನ್ನೊಂದು.

"ಅಯ್ಯೋ ದೇವುಡಾ, ಇದಕ್ಕೆ ಕಣ್ಣು ಹೊಟ್ಟೇಲಿವೆ!" ಎಂದು ನಕ್ಕು, ಕುಂಕುಮವನ್ನು ನೀರಲ್ಲಿ ಕಲಸಿ, ಆ ಮೂರು ಚುಕ್ಕಿಗಳಿಗೂ ಉಂಗುರ ಬೆರಳಲ್ಲಿ ಒತ್ತಿ ಇಟ್ಟಳು. "ದೃಷ್ಟಿ ಆಗ್ಬಾರ್ದು ಕಣೇ, ನಿನ್ ಹೊಟ್ಟೆಪಾಡು ಇದು."

ಆ ಚುಕ್ಕಿಗಳು ಏನೆಂದು ಅವಳಿಗೆ ಗೊತ್ತಿಲ್ಲ, ನನಗೆ ಗೊತ್ತು. ನೆಲ ನೋಡುವ ಕ್ಯಾಮೆರಾ ಎರಡು, ಎತ್ತರ ಅಳೆಯುವ ಬೆಳಕಿನ ಸೆನ್ಸರು ಒಂದು. ಮೇಲಿನ ಉಪಗ್ರಹಗಳ ಸಂಕೇತ ಸರಿಯಾಗಿ ಸಿಗದ ಕಡೆ ಡ್ರೋನು ಈ ಹೊಟ್ಟೆಗಣ್ಣುಗಳಿಂದಲೇ ನೆಲ ನೋಡಿಕೊಂಡು ನಿಂತಲ್ಲಿ ನಿಲ್ಲುತ್ತದೆ. ಹಾರಿಸುವ ಮುಂಚಿನ ತಪಾಸಣೆ ಪಟ್ಟಿಯಲ್ಲಿ ಹದಿನಾಲ್ಕು ಅಂಶಗಳಿವೆ. ಒಂಬತ್ತನೆಯದು: ಕೆಳಗಿನ ಸೆನ್ಸರುಗಳು ಸ್ವಚ್ಛವಾಗಿವೆಯೇ.

ಆಮೇಲೆ ಒರೆಸೋಣ ಎಂದುಕೊಂಡೆ.

ಮಾಲೂರಿನ ಪಾಠಕ್ಕೆ ಕೇಂದ್ರ ಒಪ್ಪಿದ್ದ ಜಾಗ ಶಿವಾರಪಟ್ಟಣದ ಊರಾಚೆಯ ಕೆರೆಯಂಗಳ. ಬಯಲು, ಸುತ್ತ ಯಾರೂ ಇಲ್ಲ. ಅದನ್ನು ಹಿಂದಿನ ದಿನ ದೊಡ್ಡಪ್ಪನ ಅಂಗಳಕ್ಕೆ ಬದಲಿಸಿದವಳು ನಾನು. ಕೆರೆಯಲ್ಲಿ ಕೆಸರಿದೆ ಎಂದು ಫೋನಿನಲ್ಲಿ ಹೇಳಿದೆ. ಕೆಸರೇನೋ ಇತ್ತು, ಆದರೆ ಮೂಲೆಯಲ್ಲಿ ಮಾತ್ರ. ನಿಜ ಏನೆಂದರೆ, ನಮ್ಮವರು ನೋಡಲಿ ಎಂದು. ದೊಡ್ಡಪ್ಪ ವಿಗ್ರಹ ಕೆತ್ತುವವರು, ಅಪ್ಪ ಅದೇ ಅಂಗಳದಲ್ಲಿ ಕಲ್ಲಿಗೆ ಪಾಲಿಶ್ ಹಾಕುವವನು. "ಡಿಗ್ರಿ ಓದ್ಬಿಟ್ಟು ಗಿರಗಿಟ್ಲೆ ಹಾರ್ಸ್ತಾಳೆ ನಮ್ ಹುಡ್ಗಿ" ಎಂದು ಬಂದವರ ಮುಂದೆಲ್ಲ ಹಾಸ್ಯ ಮಾಡುತ್ತಿದ್ದವರು ದೊಡ್ಡಪ್ಪ. ಅವರ ಮುಂದೆ ನಿಂತು ಪಾಠ ಹೇಳಬೇಕು ಎನಿಸಿತ್ತು.

ಭಾನುವಾರ ಬೆಳಗ್ಗೆ ಹತ್ತಕ್ಕೆ ಇಪ್ಪತ್ತು ಹವ್ಯಾಸಿಗಳು ಬಂದರು. ಸದ್ದಿಗೆ ಊರಿನವರು ಇನ್ನಿಪ್ಪತ್ತು ಸೇರಿದರು. ಹಗ್ಗ ಕಟ್ಟಿ ಎಲ್ಲರನ್ನೂ ಅದರಾಚೆ ನಿಲ್ಲಿಸಿದೆ. ನಿಯಮ ಹೇಳಿದೆ: ಕಣ್ಣಳತೆ ಬಿಟ್ಟು ಕಳಿಸಬೇಡಿ, ಹಾರಿಸುವ ಮುಂಚೆ ನಕಾಶೆಯಲ್ಲಿ ಆ ಜಾಗಕ್ಕೆ ಅನುಮತಿ ಇದೆಯೇ ನೋಡಿ, ಹಸಿರು ವಲಯದಲ್ಲೂ ನೂರಿಪ್ಪತ್ತು ಮೀಟರಿಗಿಂತ ಮೇಲೆ ಬೇಡ, ಸೇರಿದ ಜನರ ತಲೆಯ ಮೇಲೆ ಯಾವ ಕಾರಣಕ್ಕೂ ಬೇಡ.

ಆಮೇಲೆ ಪಟ್ಟಿ ಕೈಗೆ ತೆಗೆದುಕೊಂಡು ಒಂದೊಂದೇ ಅಂಶ ಜೋರಾಗಿ ಓದುತ್ತ ಗುರುತು ಹಾಕಿದೆ. ರೆಕ್ಕೆ ಬಿಗಿಯಾಗಿವೆ. ಬ್ಯಾಟರಿ ತುಂಬಿದೆ. ಒಂಬತ್ತಕ್ಕೆ ಬಂದಾಗ ಡ್ರೋನನ್ನು ತಿರುಗಿಸಿದೆ. ಕುಂಕುಮ ಒಣಗಿ ಕೆಂಪಗೆ ಕೂತಿತ್ತು. ಹಗ್ಗದಾಚೆ, ಮೊದಲ ಸಾಲಿನಲ್ಲಿ, ಅಮ್ಮ ಹೊಸ ಸೀರೆಯುಟ್ಟು ನಿಂತಿದ್ದಳು. ಪೂಜೆಯ ಕುಂಕುಮವನ್ನು ಅವಳ ಎದುರು ಬಟ್ಟೆ ತೆಗೆದು ಒರೆಸಲು ಕೈ ಬರಲಿಲ್ಲ. ಮೇಲೆ ಹದಿನಾಲ್ಕು ಉಪಗ್ರಹ ಸಿಕ್ಕಿವೆ, ಹೊಟ್ಟೆಗಣ್ಣಿನ ಕೆಲಸವೇ ಬರುವುದಿಲ್ಲ ಎಂದು ಮನಸ್ಸಿಗೆ ಹೇಳಿಕೊಂಡು ಗುರುತು ಹಾಕಿದೆ. ಪರದೆಯ ಮೇಲೆ 'ಕೆಳಗಿನ ದೃಷ್ಟಿ ಲಭ್ಯವಿಲ್ಲ' ಎಂಬ ಎಚ್ಚರಿಕೆ ಬಂತು. ಬೆರಳಲ್ಲಿ ಪಕ್ಕಕ್ಕೆ ಸರಿಸಿದೆ.

ಐದು ನಿಮಿಷ ಚೆನ್ನಾಗಿಯೇ ನಡೆಯಿತು. ಆಗ ಊರಿನವರೊಬ್ಬರು ಕೂಗಿದರು: "ಲೇ ಹುಡ್ಗೀ, ನಿಮ್ ದೊಡ್ಡಪ್ಪನ ದೇವ್ರ ಮುಖ ಒಂದ್ಸಾರಿ ಅದ್ರಲ್ಲಿ ತೋರ್ಸೇ, ನೋಡಾಣ!"

ಹಗ್ಗದಾಚೆ, ತಗಡಿನ ಚಪ್ಪರದ ಅಂಚಿನಲ್ಲಿ ಐದಡಿಯ ಕರಿಕಲ್ಲಿನ ವೆಂಕಟರಮಣ ನಿಂತಿತ್ತು. ಕಣ್ಣು ಬಿಡಿಸುವುದೊಂದು ಬಿಟ್ಟು ಎಲ್ಲ ಮುಗಿದಿತ್ತು. ಪಕ್ಕದಲ್ಲೇ ಕಲ್ಲು ಎತ್ತುವ ಕಬ್ಬಿಣದ ದೊಡ್ಡ ಕಂಬಗಳು, ಸರಪಳಿ. ಡ್ರೋನನ್ನು ಅಲ್ಲಿಗೆ ಒಯ್ದೆ. ತಗಡಿನ ಮರೆಯಲ್ಲಿ ಉಪಗ್ರಹಗಳು ಹದಿನಾಲ್ಕರಿಂದ ಆರಕ್ಕಿಳಿದವು. ಕಬ್ಬಿಣಕ್ಕೆ ದಿಕ್ಸೂಚಿ ತಪ್ಪಿತು. ಇನ್ನು ಅದಕ್ಕೆ ಉಳಿದದ್ದು ಹೊಟ್ಟೆಗಣ್ಣು. ಅದು ಮುಚ್ಚಿತ್ತು.

ಬ್ರೇಕಿಲ್ಲದ ಸೈಕಲ್ಲಿನ ಹಾಗೆ ಅದು ಪಕ್ಕಕ್ಕೆ ಜಾರತೊಡಗಿತು. ಮೇಲಕ್ಕೆ ಎತ್ತಬೇಕಿತ್ತು, ಅದೊಂದನ್ನು ಮಾಡಿದ್ದರೆ ಸಾಕಿತ್ತು. ಗಾಬರಿಯಲ್ಲಿ ನನ್ನ ಕಡೆಗೆ ಎಳೆದುಕೊಳ್ಳಲು ಹೋದೆ. ದಿಕ್ಕು ತಪ್ಪಿದ ಅದು ಅಷ್ಟರಲ್ಲಿ ಸುತ್ತಿ ನನ್ನ ಕಡೆಗೆ ಮುಖ ಮಾಡಿತ್ತು. ಹಾಗಿದ್ದಾಗ ಹಿಂದೆ ಎಳೆದರೆ ದೂರ ಹೋಗುತ್ತದೆ. ಇದನ್ನೂ ನಾನೇ ಪಾಠದಲ್ಲಿ ಹೇಳುತ್ತೇನೆ. ಡ್ರೋನು ನೇರವಾಗಿ ವಿಗ್ರಹದ ಮುಖಕ್ಕೆ ನುಗ್ಗಿತು. ವಿಗ್ರಹದ ಪಕ್ಕ ನಿಂತಿದ್ದವರು ದೊಡ್ಡಪ್ಪ. ಬೇರೆ ಯಾರೇ ಆಗಿದ್ದರೂ ತಲೆ ತಗ್ಗಿಸುತ್ತಿದ್ದರು. ಅವರು ತಗ್ಗಲಿಲ್ಲ. ಮೂಗು ಚಕ್ಕೆ ಎದ್ದರೆ ವಿಗ್ರಹ ಭಿನ್ನ, ಪೂಜೆಗಿಲ್ಲ. ಬಲಗೈ ಚಾಚಿ ದೇವರ ಮೂಗಿಗೆ ಅಂಗೈ ಅಡ್ಡ ಹಿಡಿದರು.

ರೆಕ್ಕೆ ಹೆಬ್ಬೆರಳಿನ ಬುಡಕ್ಕೆ ಬಡಿಯಿತು.

ಆಮೇಲಿನದು ತುಂಡು ತುಂಡಾಗಿ ನೆನಪಿದೆ. ಅಪ್ಪ ಹೆಗಲ ಟವೆಲು ಸುತ್ತಿದ್ದು. ಅಮ್ಮ ತೆಲುಗಿನಲ್ಲಿ ಚೀರಿದ್ದು. ಟವೆಲು ಕೆಂಪಾಗುತ್ತಿದ್ದರೂ ದೊಡ್ಡಪ್ಪ ಎಡಗೈಯಲ್ಲಿ ವಿಗ್ರಹದ ಮೂಗು ಸವರಿ ನೋಡಿ, "ಏನೂ ಆಗಿಲ್ಲ ಬಿಡ್ರೋ" ಎಂದಿದ್ದು. ಮಾಲೂರಿನ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದರು. ಬೆರಳು ಉಳಿದಿದೆ, ಎಷ್ಟು ಬಗ್ಗುತ್ತದೆ ಎಂದು ವಾಸಿಯಾದ ಮೇಲೆ ಹೇಳಬೇಕು ಎಂದರು. ಉಳಿ ಹಿಡಿಯುವವರಿಗೆ ಹೆಬ್ಬೆರಳು ಎಂದರೆ ಏನೆಂದು ಆ ಡಾಕ್ಟರಿಗೆ ನಾವು ಬಿಡಿಸಿ ಹೇಳಬೇಕಾಗಲಿಲ್ಲ. ಅವರು ದೊಡ್ಡಪ್ಪನ ಅಂಗೈಯ ಗಂಟುಗಳನ್ನು ಆಗಲೇ ನೋಡಿದ್ದರು.

ಸಂಜೆ ಅಂಗಳಕ್ಕೆ ವಾಪಸು ಬಂದು ಮುರಿದ ಡ್ರೋನನ್ನು ಎತ್ತಿಕೊಂಡೆ. ತಿರುಗಿಸಿ ನೋಡಿದರೆ ಹೊಟ್ಟೆಯ ಮೇಲೆಲ್ಲ ರಕ್ತ ಒಣಗಿತ್ತು. ಯಾವುದು ರಕ್ತ, ಯಾವುದು ಕುಂಕುಮ ಎಂದು ಯಾರಿಗೂ ಹೇಳಲಾಗುತ್ತಿರಲಿಲ್ಲ. ನನ್ನೊಬ್ಬಳಿಗೆ ಬಿಟ್ಟು.

ಮಾರನೇ ದಿನದೊಳಗೆ ವಿಡಿಯೋ ನಾಲ್ಕೂ ತಾಲ್ಲೂಕಿನ ವಾಟ್ಸಾಪ್ ಗುಂಪುಗಳಲ್ಲಿತ್ತು. 'ರೂಲ್ಸಕ್ಕನ ಡ್ರೋನು' ಎಂದು ಹೆಸರು ಇಟ್ಟಿದ್ದರು. ಮಾಲೂರು ರೈಲ್ವೆ ಸ್ಟೇಷನ್ನಿನಲ್ಲಿ ಯಾರೋ ಬೆನ್ನ ಹಿಂದೆ, "ಏನ್ಲಾ, ರೂಲ್ಸಕ್ಕ ಬಂದ್ಲು, ಹೆಲ್ಮೆಟ್ ಹಾಕ್ಕೊಳ್ಲಾ" ಎಂದರು. ತಿರುಗಿ ನೋಡಲಿಲ್ಲ.

ಕೇಂದ್ರದಲ್ಲಿ ಮುಖ್ಯ ಬೋಧಕರು ಕೂಗಾಡಲಿಲ್ಲ. ನಿವೃತ್ತ ಮನುಷ್ಯರು, ದನಿ ಎತ್ತದವರು. ಎರಡು ಹಾಳೆ ಮುಂದಿಟ್ಟರು. "ಏನಾಯ್ತು, ಯಾಕಾಯ್ತು, ಬರಿ. ಕನ್ನಡದಲ್ಲೇ ಬರಿ. ಅಲ್ಲೀವರೆಗೂ ನೀನು ರಿಮೋಟ್ ಮುಟ್ಟೋ ಹಾಗಿಲ್ಲ."

ಊಟದ ಹೊತ್ತಿನಲ್ಲಿ ನನ್ನ ಜೊತೆಯ ಇನ್ನೊಬ್ಬ ಸಹಾಯಕ ಪಕ್ಕಕ್ಕೆ ಬಂದು ಕೂತ. ಒಳ್ಳೆಯವನೇ. ನನ್ನ ಮೇಲಿನ ಕನಿಕರಕ್ಕೇ ಹೇಳಿದ.

"ಗಾಳಿ ಅಂತ ಬರ್ದ್ಬಿಡು. ಸಡನ್ನಾಗಿ ಗಾಳಿ ಬೀಸ್ತು, ಅಷ್ಟೇ."

"ಡ್ರೋನಿನ ಲಾಗಲ್ಲಿ ಎಲ್ಲಾ ದಾಖಲಾಗಿರುತ್ತಲ್ಲ."

"ದೃಷ್ಟಿ ಇಲ್ಲ ಅಂತಿರುತ್ತೆ. ಕಲ್ಲಿನ ಧೂಳು ಕೂತಿತ್ತು ಅನ್ನು. ಕುಂಕುಮ ಅಂತ ಯಾವ್ ಲಾಗೂ ಹೇಳಲ್ಲ. ಗಾಳೀನ ಯಾರೂ ಸಾಕ್ಷಿಗೆ ಕರೆಯಲ್ಲ ಕಣೇ."

ಕುಂಕುಮದ ವಿಷಯ ನಾನು ಅವನಿಗೆ ಹೇಳಿರಲಿಲ್ಲ. ಪೂಜೆಯ ದಿನ ಅಮ್ಮ ಇಟ್ಟಿದ್ದನ್ನು ಅವನೂ ನೋಡಿದ್ದ. ಅಂದರೆ ಗೊತ್ತಿದ್ದವರು ಇಬ್ಬರು.

ಎರಡು ದಿನ ಆ ಹಾಳೆಗಳ ಮುಂದೆ ಕೂತೆ. ಗಾಳಿ ಎಂದು ಬರೆದರೆ ನವೆಂಬರಿನೊಳಗೆ ಬೋಧಕಿ. ನಿಜ ಬರೆದರೆ, ಸುಳ್ಳು ಗುರುತು ಹಾಕಿದ ಸಹಾಯಕಿ. ಡಿಗ್ರಿಯ ಗಣಿತದ ಪೇಪರು ಎರಡನೇ ಸಲಕ್ಕೆ ಪಾಸು ಮಾಡಿದವಳು ನಾನು. ನಮ್ಮಂಥವರಿಗೆ ಮೂರನೇ ಸಲ ಎಂಬುದು ಇರುವುದಿಲ್ಲ, ಅಷ್ಟರೊಳಗೆ ಮನೆಯಲ್ಲಿ ಗಂಡು ನೋಡಿರುತ್ತಾರೆ. ಮೊದಲು ಗಾಳಿ ಎಂದೇ ಬರೆದೆ, ಅರ್ಧ ಹಾಳೆ. ಓದಿಕೊಂಡೆ, ಚೆನ್ನಾಗಿತ್ತು, ನಾನೇ ನಂಬುವ ಹಾಗಿತ್ತು.

ಆ ಸಂಜೆ ಅಂಗಳಕ್ಕೆ ಹೋದೆ. ದೊಡ್ಡಪ್ಪ ಕಟ್ಟು ಹಾಕಿದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ವಿಗ್ರಹದ ಎದುರು ಕೂತಿದ್ದರು. ವಿಗ್ರಹಕ್ಕೆ ಒದ್ದೆ ಗೋಣಿತಾಟು ಹೊದಿಸಿತ್ತು. ಮಾಡಿಸಿದವರು ಆಗಲೇ ಎರಡು ಸಲ ಕೇಳಿ ಕಳಿಸಿದ್ದರಂತೆ.

"ದೊಡ್ಡಪ್ಪ, ಅದು ಗಾಳಿ ಅಲ್ಲ."

ಎಲ್ಲ ಹೇಳಿದೆ. ಹೊಟ್ಟೆಗಣ್ಣು ಎಂದರೇನು, ಅಮ್ಮ ಏನು ಮಾಡಿದಳು, ನಾನು ಏನು ಮಾಡಲಿಲ್ಲ.

ಅವರು ಕಟ್ಟಿನ ಕೈ ನೋಡಿಕೊಂಡರು. "ಒರೆಸಿದ್ರೆ ಬೀಳ್ತಿರ್ಲಿಲ್ವಾ?"

"ಹಾಗೂ ಹೇಳಕ್ಕಾಗಲ್ಲ. ಅಲ್ಲಿ ಹಾರಿಸ್ಲೇಬಾರ್ದಿತ್ತು."

"ನಿಮ್ಮಮ್ಮಂಗೆ ಹೇಳಿದ್ಯಾ?"

"ಇಲ್ಲ."

"ಹೇಳ್ಬೇಡ. ಕುಂಕುಮದ ಡಬ್ಬಿ ಮುಟ್ಟೋದೇ ಬಿಟ್ಬಿಡ್ತಾಳೆ." ಆಮೇಲೆ ಗೋಣಿತಾಟಿನ ಕಡೆ ಗದ್ದ ಎತ್ತಿ ತೋರಿಸಿದರು. "ಇದಕ್ಕೆ ಕಣ್ಣು ಬಿಡ್ಸೋ ದಿನ ಅಂಗಳದಲ್ಲಿ ಯಾರೂ ಇರ್ಬಾರ್ದು. ನಿಮ್ಮಪ್ಪನ್ನೂ ಆಚೆ ಕಳಿಸ್ತೀನಿ. ಯಾಕ್ ಹೇಳು?"

"ಶಾಸ್ತ್ರ."

"ಶಾಸ್ತ್ರ ಇರ್ಲಿ. ಉಳಿ ಒಂದ್ ನೂಲು ಜಾರಿದ್ರೆ ಮುಖ ಹೋಯ್ತು. ಜನ ನೋಡ್ತಾ ಇದ್ರೆ ಕೈ ಕೆಲ್ಸ ಮಾಡಲ್ಲ ಕಣಮ್ಮ, ತೋರ್ಸ್ಕೊಳುತ್ತೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮಾರನೇ ದಿನ ಗಾಳಿಯ ಹಾಳೆ ಹರಿದು ಹಾಕಿ ಹೊಸದು ಬರೆದೆ. ಒಪ್ಪಿದ ಜಾಗ ಬದಲಿಸಿದ್ದು ನಾನು, ಕಾರಣ ಸುಳ್ಳು. ಕೆಳಗಿನ ಸೆನ್ಸರುಗಳ ಮೇಲೆ ಕುಂಕುಮವಿತ್ತು, ಕಂಡಿದ್ದೆ, ಒರೆಸಲಿಲ್ಲ, ಸ್ವಚ್ಛ ಎಂದು ಗುರುತು ಹಾಕಿದೆ. ಎಚ್ಚರಿಕೆ ಸರಿಸಿದೆ. ಕುಂಕುಮ ಯಾರಿಟ್ಟದ್ದು ಎಂದು ಬರೆಯಲಿಲ್ಲ. ಅದು ತಪಾಸಣೆಗೆ ಬೇಕಾದ ವಿಷಯವಲ್ಲ.

ಮುಖ್ಯ ಬೋಧಕರು ಎರಡು ಸಲ ಓದಿದರು. ಶಹಬ್ಬಾಸ್ ಎನ್ನಲಿಲ್ಲ. "ಒಂದು ತಿಂಗಳು ಹಾರಾಟ ಇಲ್ಲ" ಎಂದರು. "ಆಮೇಲೆ ಉಳಿದ ಮೂರು ಕಡೆ ಪಾಠ. ಹೊರಗಿನ ಪರೀಕ್ಷಕರು ಬರ್ತಾರೆ. ಮೂರೂ ಪೂರ್ತಿ ಆಗ್ಬೇಕು. ಒಂದು ಕೆಟ್ರೂ ಜಾಗ ಇನ್ನೊಬ್ಬರಿಗೆ."

ಇನ್ನೊಬ್ಬ ಯಾರೆಂದು ಇಬ್ಬರಿಗೂ ಗೊತ್ತಿತ್ತು. ಗಾಳಿಯ ಉಪಾಯ ಹೇಳಿದವನು.

ಆ ತಿಂಗಳು ಕಳೆದದ್ದು ಹೇಗೆಂದು ಬರೆಯಲು ಏನೂ ಇಲ್ಲ. ಬೆಳಗ್ಗೆ ಕೇಂದ್ರದಲ್ಲಿ ಬೇರೆಯವರ ಡ್ರೋನುಗಳ ಹೊಟ್ಟೆ ಒರೆಸಿದೆ. ಸಂಜೆ ಅಂಗಳದಲ್ಲಿ ದೊಡ್ಡಪ್ಪ ಬಿಸಿನೀರಿನಲ್ಲಿ ಬೆರಳು ಅದ್ದಿ ಬಗ್ಗಿಸಲು ನೋಡುವುದನ್ನು ನೋಡಿದೆ. ಮೊದಲ ಗಂಟು ಬಗ್ಗುತ್ತಿತ್ತು, ಬುಡದ್ದು ಬಗ್ಗಲಿಲ್ಲ. ಹೊದಿಸಿದ ಗೋಣಿತಾಟು ಹಾಗೇ ಇತ್ತು.

ಕೋಲಾರದ ಪಾಠ ಡಿಸೆಂಬರಿನ ಚಳಿಯಲ್ಲಿ ಆಯಿತು. ಪರೀಕ್ಷಕರು ಟೋಪಿ ಹಾಕಿದ, ಕೈಯಲ್ಲಿ ಅಳತೆ ಟೇಪು ಹಿಡಿದ ಮನುಷ್ಯ. ಅಗತ್ಯಕ್ಕಿಂತ ಒಂದು ಮಾತು ಹೆಚ್ಚಿಗೆ ಆಡುವವರಲ್ಲ. ಜನ ಒಳಗೆ ಬರಬಾರದೆಂದು ನಾನು ಸುಣ್ಣದಲ್ಲಿ ಎಳೆದ ಗೆರೆಯನ್ನು ಟೇಪು ಹಿಡಿದು ಅಳೆದರು. ಮೂವತ್ತು ಮೀಟರಿಗೆ ಎರಡಡಿ ಕಡಿಮೆ ಬಂತು, ಮತ್ತೆ ಎಳೆಸಿದರು. ಬಂದಿದ್ದವರಲ್ಲಿ ಅರ್ಧ ಜನ ವಿಡಿಯೋ ನೋಡಿದ್ದವರು. "ಮೇಡಂ, ಕೈ ಅಡ್ಡ ಹಿಡಿಯೋದೂ ಕಲಿಸ್ತೀರಾ?" ಎಂದ ಒಬ್ಬ. ಎಲ್ಲರೂ ನಕ್ಕರು. "ಇಲ್ಲ. ಕೈ ಅಡ್ಡ ಹಿಡಿದವರು ನಮ್ಮ ದೊಡ್ಡಪ್ಪ. ಯಾಕೆ ಹಿಡೀಬೇಕಾಯ್ತು ಅಂತ ಹೇಳ್ತೀನಿ, ಕೂತ್ಕೊಳಿ" ಎಂದು ಕುಂಕುಮದ ಸಂಗತಿ ಪೂರ್ತಿ ಹೇಳಿದೆ. ನಗು ನಿಂತಿತು. ಕೈಬೆರಳು ಮರಗಟ್ಟಿದ್ದವು, ಹಾರಾಟ ಅಷ್ಟೇನೂ ಚೆಂದವಿರಲಿಲ್ಲ. ಪರೀಕ್ಷಕರು 'ಪೂರ್ಣ' ಎಂದು ಬರೆದರು.

ಮುಳಬಾಗಿಲಿನದು ಆವನಿ ರಸ್ತೆಯ ಪಕ್ಕದ ಒಂದು ಬಯಲು. ಎಂಟು ಗಂಟೆಗೇ ಗೆರೆ ಎಳೆದು, ಪಾಠ ಮುಗಿಸಿ, ತಪಾಸಣೆಗೆ ಬಂದೆ. ಹನ್ನೊಂದಕ್ಕೆ ಪರೀಕ್ಷಕರು ಹೊರಡಬೇಕಿತ್ತು. ಹತ್ತೂಕಾಲಿಗೆ ರಸ್ತೆಯಲ್ಲಿ ಒಂದು ಟೆಂಪೋ ಪಂಕ್ಚರಾಗಿ ನಿಂತಿತು. ಆವನಿಯ ದೇವಸ್ಥಾನಕ್ಕೆ ಹೊರಟಿದ್ದ ಹೆಂಗಸರು, ಹದಿನೈದು ಜನ ಇಳಿದು, ಬಯಲಿನ ಒಂದೇ ಹುಣಸೆಮರದ ಕೆಳಗೆ ಚಾಪೆ ಹಾಸಿ ಚಿತ್ರಾನ್ನದ ಡಬ್ಬಿ ಬಿಚ್ಚಿದರು. ಮರ ನನ್ನ ಗೆರೆಯೊಳಗಿತ್ತು.

ಹೋಗಿ ಕೈ ಮುಗಿದೆ. "ಅಮ್ಮಾ, ಸ್ವಲ್ಪ ಆ ಕಡೆ ಕೂತ್ಕೊಂತೀರಾ? ಇಲ್ಲಿ ಡ್ರೋನ್ ಹಾರಿಸ್ತೀವಿ."

ಹಿರಿಯಾಕೆ ಒಬ್ಬಳು ತಲೆ ಎತ್ತಿದಳು. "ಆ ಕಡೆ ನೆಳ್ಳೆಲ್ಲೈತೆ ತಾಯಿ? ನೀನು ಹಾರ್ಸ್ಕೋ, ನಾವೇನ್ ಹಿಡ್ಕೊಂತೀವಾ?"

"ಬಿದ್ರೆ ಕಷ್ಟ ಅಮ್ಮಾ."

"ಬೀಳಲ್ಲ ಬಿಡು. ನಮ್ ತಮ್ಮನ ಮದ್ವೇಲಿ ತಲೇ ಮ್ಯಾಲೆ ತಿರುಗ್ತು, ಬಿತ್ತಾ? ಏ ಲಚ್ಚೀ, ನೀನೂ ನೋಡ್ಬೇಕು ಅಂತಿದ್ದೆಲ್ಲ, ಬಾರೇ ಈ ಕಡೆ. ಅಕ್ಕಯ್ಯ ಗಾಳೀಗ್ ಬಿಡ್ತಾಳೆ." ಇನ್ನೊಬ್ಬಳು ನನ್ನ ಕೈಗೆ ಒಂದು ಹಿಡಿ ಚಿತ್ರಾನ್ನ ಇಟ್ಟಳು. "ತಿನ್ನು, ಒಣಗೋಗಿದ್ದೀಯ."

ಬಯಲು ಸಾರ್ವಜನಿಕ ಜಾಗ. ಅವರನ್ನು ಏಳಿಸುವ ಹಕ್ಕು ನನಗಿಲ್ಲ. ಗೆರೆ ಸರಿಸಲು ನೋಡಿದೆ, ಒಂದು ಕಡೆ ರಸ್ತೆ, ಇನ್ನೊಂದು ಕಡೆ ಕರೆಂಟಿನ ತಂತಿ. ಕಾದೆ. ಹತ್ತೂವರೆ. ಟೆಂಪೋದವನು ಸ್ಟೆಪ್ನಿಯೂ ಪಂಕ್ಚರು ಎಂದ. ಹತ್ತೂ ಮುಕ್ಕಾಲು. ಹವ್ಯಾಸಿಗಳು ಗೊಣಗತೊಡಗಿದರು. "ಮೇಡಂ, ಆ ಮೂಲೇಲಿ ಎರಡೇ ನಿಮಿಷ ಎತ್ತಿ ಇಳ್ಸಿ, ಆಯ್ತು." ಪರೀಕ್ಷಕರು ಗಡಿಯಾರ ನೋಡಿಕೊಂಡರೇ ಹೊರತು ಬೇಕು, ಬೇಡ ಎರಡನ್ನೂ ಹೇಳಲಿಲ್ಲ. ಅವರು ಒಂದು ಮಾತು ಹೇಳಲಿ ಎಂದು ನಾನು ಎಷ್ಟು ಹಂಬಲಿಸಿದೆನೋ.

ಡ್ರೋನನ್ನು ತಿರುಗಿಸಿ ಹೊಟ್ಟೆಗಣ್ಣು ನೋಡಿದೆ. ಕನ್ನಡಿಯ ಹಾಗಿದ್ದವು. ಉಪಗ್ರಹ ಹದಿನೆಂಟು. ಗಾಳಿಯಿಲ್ಲ. ಎಲ್ಲ ಸರಿಯಿತ್ತು, ನೂರಕ್ಕೆ ತೊಂಬತ್ತೊಂಬತ್ತು ಸಲ ಏನೂ ಆಗುವುದಿಲ್ಲ. ಹದಿನೈದು ಹೆಂಗಸರು ಚಿತ್ರಾನ್ನ ತಿನ್ನುತ್ತ, ನನ್ನನ್ನೇ ನೋಡುತ್ತ, ಆಸೆಯಿಂದ ಕಾಯುತ್ತಿದ್ದರು. ಕೈ ತೋರಿಸಿಕೊಳ್ಳಲು ತುಡಿಯುತ್ತಿತ್ತು. ಅದು ನನಗೇ ಗೊತ್ತಾಯಿತು.

ಬ್ಯಾಟರಿ ತೆಗೆದೆ. ರೆಕ್ಕೆ ಮಡಚಿ ಪೆಟ್ಟಿಗೆಗೆ ಇಟ್ಟೆ.

"ಯಾಕಮ್ಮಾ, ಕೆಟ್ಟೋಯ್ತಾ?" ಎಂದಳು ಹಿರಿಯಾಕೆ.

"ಇಲ್ಲಮ್ಮ. ನೀವು ಊಟ ಮಾಡಿ."

ಪರೀಕ್ಷಕರು ಹಾಳೆಯಲ್ಲಿ ಬರೆದದ್ದನ್ನು ತಲೆಕೆಳಗಾಗಿಯೇ ಓದಿದೆ: 'ಹಾರಾಟ ನಡೆಯಲಿಲ್ಲ.' ಕಾರು ಹತ್ತಿ ಹೋದರು. ನಾನು ಪೆಟ್ಟಿಗೆಯ ಮೇಲೆ ಕೂತು ಆ ಹಿಡಿ ಚಿತ್ರಾನ್ನ ತಿಂದೆ. ಒಂದು ಕೆಟ್ಟರೂ ಜಾಗ ಇನ್ನೊಬ್ಬರಿಗೆ. ಮನೆಗೆ ಹೋಗಿ ಏನು ಹೇಳುವುದು? ಬಸ್ಸಿನಲ್ಲಿ ಕೋಲಾರ ದಾಟುವವರೆಗೂ ಅದೇ ಲೆಕ್ಕ: ಎರಡು ನಿಮಿಷ ಎತ್ತಿ ಇಳಿಸಿದ್ದರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ. ಮಾಡಿದ್ದು ಸರಿ ಎಂಬ ಸಮಾಧಾನ ನನಗೆ ಅವತ್ತು ಒಂದು ಚೂರೂ ಇರಲಿಲ್ಲ.

ಮೂರು ದಿನ ಕೇಂದ್ರದಲ್ಲಿ ಯಾರೂ ಏನೂ ಹೇಳಲಿಲ್ಲ. ನಾಲ್ಕನೇ ದಿನ ಮುಖ್ಯ ಬೋಧಕರು ಕರೆದು ಪರೀಕ್ಷಕರ ಹಾಳೆ ತೋರಿಸಿದರು. 'ಹಾರಾಟ ನಡೆಯಲಿಲ್ಲ' ಎಂಬುದರ ಕೆಳಗೆ ಇನ್ನೊಂದು ಸಾಲಿತ್ತು, ನಾನು ತಲೆಕೆಳಗಾಗಿ ಓದುವಾಗ ಅವರ ಕೈ ಮರೆಯಾಗಿದ್ದ ಸಾಲು: 'ನಿರ್ಧಾರ ಸರಿ. ಹಾರಾಟ ಬಾಕಿ. ಶ್ರೀನಿವಾಸಪುರದಲ್ಲಿ ಎರಡೂ ಒಟ್ಟಿಗೆ.'

"ಇದು ರಿಯಾಯಿತಿ ಅಲ್ಲ" ಎಂದರು ಮುಖ್ಯ ಬೋಧಕರು. "ಎರಡು ಹಾರಾಟ, ಹನ್ನೆರಡು ಹನ್ನೆರಡು ನಿಮಿಷ. ಒಂದ್ರಲ್ಲಿ ಗೆರೆ ದಾಟಿದ್ರೂ ಮುಗೀತು."

ಆ ವಾರ ದೊಡ್ಡಪ್ಪ ಅಪ್ಪನನ್ನೂ ಆಚೆ ಕಳಿಸಿ ಅಂಗಳದ ಬಾಗಿಲು ಹಾಕಿಕೊಂಡರು. ಬಗ್ಗದ ಹೆಬ್ಬೆರಳಿಗೆ ಸಣ್ಣ ಉಳಿಯನ್ನು ಬಟ್ಟೆಪಟ್ಟಿಯಲ್ಲಿ ಬಿಗಿದು ಕಟ್ಟಿಕೊಂಡಿದ್ದರಂತೆ. ಮಧ್ಯಾಹ್ನ ಬಾಗಿಲು ತೆಗೆದಾಗ ಅಂಗಿ ಬೆವರಿ ಒದ್ದೆಯಾಗಿತ್ತು. ಗೋಣಿತಾಟು ಕೆಳಗೆ ಬಿದ್ದಿತ್ತು. ದೇವರು ನಮ್ಮನ್ನು ನೋಡುತ್ತಿತ್ತು. "ಎಡಗಣ್ಣು ಒಂದ್ ಕೂದ್ಲೆಳೆ ಹೆಚ್ಚು ಹೋಯ್ತು. ಯಾರಿಗೂ ಗೊತ್ತಾಗಲ್ಲ" ಎಂದರು. ಅವರಿಗೆ ಗೊತ್ತಾಗುತ್ತದೆ. ಬದುಕಿರುವವರೆಗೂ ಗೊತ್ತಾಗುತ್ತಲೇ ಇರುತ್ತದೆ. ಆ ಕೂದಲೆಳೆ ನನ್ನದು.

ಶ್ರೀನಿವಾಸಪುರದಲ್ಲಿ ಮಾವಿನ ಮಂಡಿಯ ಬಯಲು. ಡಿಸೆಂಬರಿನಲ್ಲಿ ಅಲ್ಲಿ ನರಪಿಳ್ಳೆ ಇರುವುದಿಲ್ಲ, ಅದಕ್ಕೇ ಆ ಜಾಗ ಕೇಳಿದ್ದೆ. ಹಿಂದಿನ ದಿನವೇ ಹೋಗಿ ಅಳೆದು ಬಂದಿದ್ದೆ. ಬಂದ ಒಂಬತ್ತು ಹವ್ಯಾಸಿಗಳನ್ನು ಗೋಡೆಯ ಪಕ್ಕ ನಿಲ್ಲಿಸಿದೆ. ಪಟ್ಟಿಯ ಹದಿನಾಲ್ಕೂ ಮುಗಿದ ಮೇಲೆ, ಒಂಬತ್ತನೆಯದನ್ನು ಇನ್ನೊಂದು ಸಲ, ಎಲ್ಲಕ್ಕಿಂತ ಕೊನೆಗೆ, ಬಿಳಿ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಎಲ್ಲರಿಗೂ ತೋರಿಸಿದೆ. ಇಪ್ಪತ್ನಾಲ್ಕು ನಿಮಿಷ ಹಾರಿತು. ಮಧ್ಯೆ ಒಂದು ನಾಯಿ ಬಂತು, ಮೇಲೆತ್ತಿ ನಿಲ್ಲಿಸಿ ಕಾದೆ, ಅದು ಹೋಯಿತು. ಇಳಿಸಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ನೋಡಲು ಅದರಲ್ಲಿ ಏನೂ ಇರಲಿಲ್ಲ.

ಪ್ರಮಾಣಪತ್ರ ಕೊಟ್ಟದ್ದು ಕೇಂದ್ರದ ಪಾಠದ ಕೋಣೆಯಲ್ಲಿ. ಅಮ್ಮನೂ ದೊಡ್ಡಪ್ಪನೂ ಬಂದಿದ್ದರು. ಗಾಳಿಯ ಉಪಾಯ ಹೇಳಿದ್ದವನೇ ಕುರ್ಚಿ ತಂದು ಹಾಕಿದ. ಮುಖ್ಯ ಬೋಧಕರು ಪತ್ರವನ್ನು ನನ್ನ ಕೈಗಿಟ್ಟು, "ಸೋಮವಾರದಿಂದ ಒಂಬತ್ತಕ್ಕೆ ಬಾ, ಎಂಟೂವರೆಗಲ್ಲ" ಎಂದರು. ಸಹಾಯಕರು ಎಂಟೂವರೆಗೆ ಬರಬೇಕು, ಬೋಧಕರು ಒಂಬತ್ತಕ್ಕೆ. ನಾನು ಪತ್ರವನ್ನು ದೊಡ್ಡಪ್ಪನಿಗೆ ಕೊಟ್ಟೆ. ಅವರು ಬಲಗೈಯ ಎರಡು ಬೆರಳ ನಡುವೆ ಹಿಡಿದುಕೊಂಡರು. ಹೆಬ್ಬೆರಳು ನೆಟ್ಟಗೆ ಆಚೆಗೆ ನಿಂತಿತ್ತು.

ಮೇಜಿನ ಮೇಲೆ ಇನ್ನು ಮುಂದೆ ನನ್ನದಾಗುವ ಹೊಸ ಡ್ರೋನು ಇತ್ತು. ಅಮ್ಮ ಸೆರಗಿನಿಂದ ಕುಂಕುಮದ ಡಬ್ಬಿ ತೆಗೆದಳು. ಉಂಗುರ ಬೆರಳಿಗೆ ಕುಂಕುಮ ತೆಗೆದುಕೊಂಡವಳು ಡ್ರೋನಿನ ಹತ್ತಿರ ಹೋಗಿ ನಿಂತಳು, ಮುಟ್ಟಲಿಲ್ಲ. ನಾನು ದೊಡ್ಡಪ್ಪನ ಮುಖ ನೋಡಿದೆ. ಅವರು ಮೇಲೆ ತಿರುಗುತ್ತಿದ್ದ ಫ್ಯಾನು ನೋಡುತ್ತಿದ್ದರು. ಹೇಳ್ಬೇಡ ಎಂದಿದ್ದವರೇ ಅಮ್ಮನಿಗೆ ಯಾವಾಗ ಹೇಳಿದ್ದರೋ.

ಅಮ್ಮ ಬೆರಳನ್ನು ಹಾಗೇ ಗಾಳಿಯಲ್ಲಿ ಹಿಡಿದುಕೊಂಡು ನನ್ನ ಕಡೆ ತಿರುಗಿದಳು.

"ಇದ್ರ ಕಣ್ಣು ಎಲ್ಲೆಲ್ಲೈತೆ, ಮೊದ್ಲು ತೋರ್ಸಮ್ಮ. ಅದು ಬಿಟ್ಟು ಇಡ್ತೀನಿ."